ಅಕ್ಕನ ಕಿವಿ, ನನ್ನ ಫಿಲ್ಟರು

ನಮ್ಮ ಮನೆಯಲ್ಲಿ ಫ್ಯಾನಿನ ರೆಗ್ಯುಲೇಟರನ್ನು ನಾನು ಮುಟ್ಟುವಂತಿಲ್ಲ. ಮುಟ್ಟಿದ್ದು ಗೊತ್ತಾದರೆ ನನ್ನ ಹೆಂಡತಿ ಕೈಯಲ್ಲಿದ್ದ ಕೆಲಸ ಬಿಟ್ಟು ಬಂದು ಬಾಗಿಲಲ್ಲಿ ನಿಲ್ಲುತ್ತಾಳೆ. ಎಲ್ಲರ ಹಾಗೆ ತಿರುಗಿಸಿ ಸುಮ್ಮನಾಗುವ ಜಾತಿ ನಾನಲ್ಲ ಎಂಬುದು ಅವಳ ದೂರು. ಕೂದಲೆಳೆಯಷ್ಟು ಮುಂದಕ್ಕೆ, ಅದರಲ್ಲಿ ಅರ್ಧದಷ್ಟು ಹಿಂದಕ್ಕೆ ತಿರುಗಿಸಿ, ಕತ್ತು ಓರೆ ಮಾಡಿ, ಕಣ್ಣು ಅರೆ ಮುಚ್ಚಿ, ಏನನ್ನೋ ಆಲಿಸುತ್ತಾ ನಿಂತುಬಿಡುತ್ತೇನಂತೆ. ಗ್ಯಾಸ್ ಒಲೆಯ ಮುಂದೆಯೂ ಒಮ್ಮೆ ಹಾಗೆ ನಿಂತು ಹಾಲು ಉಕ್ಕಿಸಿದ್ದೇನೆ. ಬಚ್ಚಲಿನ ಬಿಸಿನೀರು ತಣ್ಣೀರಿನ ನಲ್ಲಿಗಳ ಮುಂದೆ ನಾನು ಕಳೆಯುವ ಹೊತ್ತಿನ ಬಗ್ಗೆ ಅವಳು ನೆಂಟರೆದುರಿಗೆ ಹೇಳುವುದನ್ನು ಇಲ್ಲಿ ಬರೆಯುವುದು ಬೇಡ.

ಈ ಚಟ ಹುಟ್ಟಿನಿಂದ ಬಂದದ್ದಲ್ಲ. ವಿಮಾ ಕಚೇರಿಯಲ್ಲಿ ಇಷ್ಟು ವರ್ಷ ಕುರ್ಚಿ ಸವೆಸಿದಾಗಲೂ ನನಗೆ ತಿರುಗಿಸಲು ಏನೂ ಸಿಕ್ಕಿರಲಿಲ್ಲ. ನಿವೃತ್ತನಾದ ಮೇಲೆ, ಮೈಸೂರಿನ ಕೃಷ್ಣಮೂರ್ತಿಪುರಂನಲ್ಲಿರುವ ನಮ್ಮ ಪ್ರಾರ್ಥನಾ ಮಂದಿರಕ್ಕೆ ಆಡಿಯೋ ಪ್ರೊಸೆಸರು ಎಂಬ ಒಂದು ಕಪ್ಪು ಪೆಟ್ಟಿಗೆ ಬಂತು. ಅಲ್ಲಿಂದ ಅಂಟಿಕೊಂಡಿದ್ದು ಇದು. ಪೆಟ್ಟಿಗೆ ಎಂದರೆ ದೊಡ್ಡದೇನಲ್ಲ, ನಮ್ಮ ಅಜ್ಜಿಯ ಎಲೆ ಅಡಿಕೆ ತಟ್ಟೆಯನ್ನು ಎರಡು ಪಟ್ಟು ಉದ್ದ ಮಾಡಿದಷ್ಟು. ಮುಂಭಾಗದಲ್ಲಿ ಬೆರಳಗಲದ ನೀಲಿ ಪರದೆ, ಅದರ ಪಕ್ಕ ಸಾಲಾಗಿ ಗುಂಡಿಗಳು, ಕೊನೆಯಲ್ಲಿ ಒಂದೇ ಒಂದು ತಿರುಗಣೆ. ಪರದೆಯ ಅಕ್ಷರಗಳು ಎಷ್ಟು ಸಣ್ಣವೆಂದರೆ ಅವನ್ನು ಓದಲು ನಾನು ಕನ್ನಡಕ ತೆಗೆದು, ಮೂಗನ್ನು ಪೆಟ್ಟಿಗೆಗೆ ತಾಗಿಸಬೇಕು. ಹಿಂದಿನಿಂದ ನೋಡಿದವರಿಗೆ ನಾನು ಅದಕ್ಕೆ ಅಡ್ಡಬಿದ್ದಂತೆ ಕಾಣುತ್ತದೆ.

ಅದರ ಉಸ್ತುವಾರಿ ನನಗೆ ಬಂದ ಬಗೆಯನ್ನೂ ಹೇಳಿಬಿಡುತ್ತೇನೆ. ಮಂದಿರದ ಕಾರ್ಯದರ್ಶಿ ಮಹದೇವಪ್ಪನವರು ಸಂತೇಪೇಟೆಯಲ್ಲಿ ಬೆಲ್ಲದ ವ್ಯಾಪಾರ ಮಾಡುವವರು. ಮಂದಿರಕ್ಕೆ ಒಂದು ಮೊಳೆ ಬಂದರೂ ಅದು ಯಾಕೆ ಎಂದು ಕೇಳದೆ ಒಳಗೆ ಬಿಡುವವರಲ್ಲ. ಅಂಗಡಿಯವನು ಪೆಟ್ಟಿಗೆಯನ್ನು ಕೂರಿಸಿ, ಒಂದೊಂದು ಸ್ಪೀಕರಿಗೂ ಐದೈದು ಫಿಲ್ಟರ್ ಇದೆ, ಬೇಕಾದ ಹಾಗೆ ಏರಿಸಿ ಇಳಿಸಿಕೊಳ್ಳಬಹುದು ಎಂದ. ಮಹದೇವಪ್ಪನವರು ಸ್ವಲ್ಪ ಹೊತ್ತು ಯೋಚಿಸಿ, ಕಾಫಿಯನ್ನು ನಾವು ಯಾವತ್ತೂ ಹೋಟೆಲಿನಿಂದಲೇ ತರಿಸುವುದಲ್ಲವೇ, ನಮಗೆ ಇಷ್ಟೊಂದು ಫಿಲ್ಟರು ಯಾಕೆ ಎಂದು ಕೇಳಿದರು. ನಾನು ನಕ್ಕೆ. ನಕ್ಕವನು ನಾನೊಬ್ಬನೇ ಆದ್ದರಿಂದ, ವಿಷಯ ಅರ್ಥವಾದವನು ನಾನೊಬ್ಬನೇ ಎಂದು ಸಮಿತಿ ತೀರ್ಮಾನಿಸಿತು. ನನಗೂ ಅರ್ಥವಾಗಿರಲಿಲ್ಲ, ಕಾಫಿಯದಲ್ಲ ಎಂಬಷ್ಟು ಮಾತ್ರ ಗೊತ್ತಿತ್ತು.

ಆಮೇಲೆ ನಿಧಾನವಾಗಿ ಅರ್ಥವಾಯಿತು. ಮನುಷ್ಯನ ಧ್ವನಿ ಒಂದೇ ವಸ್ತುವಲ್ಲ. ಅಡಿಯಲ್ಲಿ ಗುಂಯ್ ಎನ್ನುವ ಭಾರದ ಭಾಗ, ನಡುವೆ ಸ್ವರಗಳ ಮೈ, ಮೇಲ್ಗಡೆ ಸ ಶ ಚ ತ ಮೊದಲಾದವು ಚಿಟಪಟ ಎನ್ನುವ ಜಾಗ. ಒಂದೊಂದು ಫಿಲ್ಟರೂ ಇದರಲ್ಲಿ ಒಂದೊಂದು ಜಾಗವನ್ನು ಹಿಡಿದು ಏರಿಸುತ್ತದೆ ಅಥವಾ ಇಳಿಸುತ್ತದೆ. ಯಾವ ಜಾಗ, ಎಷ್ಟು, ಅಕ್ಕಪಕ್ಕದ ಎಷ್ಟು ಅಗಲಕ್ಕೆ ಎಂಬ ಮೂರನ್ನು ನಾವು ಹೇಳಬೇಕು. ಮೂರನ್ನೂ ಹೇಳುವುದು ಅದೊಂದೇ ತಿರುಗಣೆಯಿಂದ. ಈಗ ಯಾವುದನ್ನು ಹೇಳುತ್ತಿದ್ದೇವೆ ಎಂಬುದು ಒತ್ತಿದ ಗುಂಡಿಯ ಮೇಲೆ ಹೋಗುತ್ತದೆ. ಗುಂಡಿ ಮರೆತರೆ ಮುಗಿಯಿತು. ನಾನು ಸದ್ದನ್ನು ಇಳಿಸುತ್ತಿದ್ದೇನೆ ಎಂದುಕೊಂಡು ಜಾಗವನ್ನೇ ಸರಿಸಿಬಿಟ್ಟು, ಒಂದು ಸಂಜೆ ಪ್ರಾರ್ಥನೆ ಹೇಳುತ್ತಿದ್ದವರ ಧ್ವನಿಯನ್ನು ಕೊಡದೊಳಕ್ಕೆ ಇಳಿಸಿದ್ದೆ. ಅವರು ಪ್ರಾರ್ಥನೆ ನಿಲ್ಲಿಸಿ ನೀರು ಕುಡಿದರು.

ಪೆಟ್ಟಿಗೆಯ ಭಾಷೆಗಿಂತ ಕಷ್ಟವಾದದ್ದು ಜನರ ಭಾಷೆ. ಪೆಟ್ಟಿಗೆಗೆ ಅಂಕಿಗಳು ಬೇಕು. ನಮ್ಮ ಜನ ಕೊಡುವುದು ಬೇರೆಯದೇ. ಕೀರಲು ಅನ್ನುತ್ತಾರೆ, ಗುಬುಗುಬು ಅನ್ನುತ್ತಾರೆ, ಡಬ್ಬದಲ್ಲಿ ಬಾಯಿಟ್ಟು ಮಾತಾಡಿದ ಹಾಗಿದೆ ಅನ್ನುತ್ತಾರೆ. ಮಹದೇವಪ್ಪನವರು ತಮ್ಮ ವ್ಯಾಪಾರದ ಕಡೆಯಿಂದ ನೋಡಿ, ಸದ್ದು ಅಂಟಂಟಾಗಿದೆ, ಪಾಕ ಹೆಚ್ಚಾಗಿದೆ ಎಂದುಬಿಡುತ್ತಾರೆ. ಗೋಕುಲಂನಲ್ಲಿ ಯೋಗ ಕಲಿಯಲು ಬಂದು ಉಳಿದಿದ್ದ ಒಬ್ಬ ವಿದೇಶಿ ಹೆಂಗಸು ಒಂದು ಶನಿವಾರ ಪೂರ್ತಿ ಕೂತು ಕೇಳಿ, ಹೊರಡುವಾಗ ನಿಮ್ಮ ಸೌಂಡ್ ತುಂಬಾ ವಾರ್ಮ್ ಆಗಿದೆ ಎಂದು ಕೈ ಮುಗಿದಳು. ಹಿತವಾಗಿದೆ ಎಂದು ಹೊಗಳಿದ್ದು ಅದು. ಮಹದೇವಪ್ಪನವರು ಓಡಿಹೋಗಿ ಆಂಪ್ಲಿಫೈಯರನ್ನು ಮುಟ್ಟಿ ನೋಡಿದರು. ಹೌದು, ಬಿಸಿಯಾಗಿದೆ ಎಂದು ಅದಕ್ಕೊಂದು ಟೇಬಲ್ ಫ್ಯಾನ್ ಇಡಿಸಿದರು. ಆ ಫ್ಯಾನಿನ ಸದ್ದು ಮೈಕಿಗೆ ಬಿದ್ದು, ಅದನ್ನು ತೆಗೆಯಲು ನಾನು ಇನ್ನೊಂದು ಫಿಲ್ಟರನ್ನು ಖರ್ಚು ಮಾಡಬೇಕಾಯಿತು.

ಇಂಥವರ ನಡುವೆ ಬದುಕುವ ಉಪಾಯವನ್ನೂ ಕಲಿತೆ. ಯಾರಾದರೂ ಬಂದು ದೂರು ಹೇಳಿದರೆ, ಯಾವ ಗುಂಡಿಯನ್ನೂ ಒತ್ತದೆ ತಿರುಗಣೆಯನ್ನು ಗಂಭೀರವಾಗಿ ತಿರುಗಿಸುವುದು. ಹಾಗೆ ತಿರುಗಿಸಿದರೆ ಏನೂ ಆಗುವುದಿಲ್ಲ. ಆದರೆ ದೂರು ಹೇಳಿದವರು ಕಿವಿ ನಿಮಿರಿಸಿ, ಈಗ ಸರಿಹೋಯ್ತು ನೋಡಿ ಎಂದು ತೃಪ್ತಿಯಿಂದ ಹೋಗುತ್ತಾರೆ. ಈ ಉಪಾಯ ನಡೆಯದೇ ಇದ್ದದ್ದು ಒಬ್ಬರ ಹತ್ತಿರ ಮಾತ್ರ. ಅದು ನನ್ನ ವಿಮಲಕ್ಕ.

ಅಕ್ಕನ ಕಿವಿಯ ಬಗ್ಗೆ ಹೇಳದೆ ಮುಂದೆ ಹೋಗಲಾಗುವುದಿಲ್ಲ. ನಾವು ಚಿಕ್ಕವರಾಗಿದ್ದಾಗ ಮನೆಯಲ್ಲಿ ಒಂದು ವಾಲ್ವ್ ರೇಡಿಯೋ ಇತ್ತು. ಹಾಕಿದ ಕೂಡಲೇ ಮಾತಾಡುವ ಅಭ್ಯಾಸ ಅದಕ್ಕಿರಲಿಲ್ಲ. ಕಾಯಬೇಕು, ಬಿಸಿಯಾದ ಧೂಳಿನ ವಾಸನೆ ಬರಬೇಕು, ಆಮೇಲೆ ದೂರದಿಂದ ನಡೆದು ಬಂದಂತೆ ಧ್ವನಿ ಬರುತ್ತಿತ್ತು. ಸ್ಟೇಷನ್ ಹಿಡಿಯುವ ಅಧಿಕಾರ ಅಪ್ಪನದು. ಹಿಡಿದದ್ದು ಸರಿಯಾಗಿದೆಯೇ ಎಂದು ಹೇಳುವ ಅಧಿಕಾರ ಅಕ್ಕನದು. ಅಪ್ಪ ಮುಳ್ಳನ್ನು ಸರಿಸುತ್ತಾ ಅವಳ ಮುಖ ನೋಡುತ್ತಿದ್ದರು. ಅವಳು ತಲೆಯಾಡಿಸಿದಲ್ಲಿ ನಿಲ್ಲಿಸುತ್ತಿದ್ದರು. ಅಡುಗೆಮನೆಯಲ್ಲಿ ನಾನು ಸಕ್ಕರೆ ಡಬ್ಬದ ಮುಚ್ಚಳ ತೆಗೆದದ್ದೋ ಉಪ್ಪಿನ ಡಬ್ಬದ್ದೋ ಎಂದು ಅವಳು ಪಡಸಾಲೆಯಲ್ಲಿ ಕೂತು ಹೇಳುತ್ತಿದ್ದಳು. ಇದರಿಂದ ನನ್ನ ಬಾಲ್ಯಕ್ಕೆ ಆದ ನಷ್ಟವನ್ನು ನೀವೇ ಊಹಿಸಿಕೊಳ್ಳಿ.

ಅವಳು ಹೈಸ್ಕೂಲಿನಲ್ಲಿ ಕನ್ನಡ ಪಾಠ ಹೇಳಿ ನಿವೃತ್ತಳಾದವಳು. ಶನಿವಾರದ ಸಂಜೆ ಮಂದಿರದಲ್ಲಿ ಗಮಕ ಇರುತ್ತದೆ. ಗಮಕ ಕೇಳದವರಿಗಾಗಿ ಎರಡು ಮಾತು: ಒಬ್ಬರು ಹಳೆಯ ಕಾವ್ಯದ ಪದ್ಯವನ್ನು ರಾಗವಾಗಿ ಓದುತ್ತಾರೆ, ಪಕ್ಕದಲ್ಲಿ ಕೂತ ಇನ್ನೊಬ್ಬರು ಅದರ ಅರ್ಥವನ್ನು ವಿಸ್ತರಿಸಿ ಹೇಳುತ್ತಾರೆ. ಓದುವುದು ವಾಚನ, ಹೇಳುವುದು ವ್ಯಾಖ್ಯಾನ. ನಮ್ಮಲ್ಲಿ ಓದುವವಳು ರಾಜಲಕ್ಷ್ಮಿ, ನಮ್ಮ ಬಾಯಲ್ಲಿ ರಾಜಿ, ಅಕ್ಕನ ಹಳೆಯ ವಿದ್ಯಾರ್ಥಿನಿ, ಈಗ ಅವಳಿಗೂ ಮೊಮ್ಮಗಳಿದ್ದಾಳೆ. ವ್ಯಾಖ್ಯಾನ ಅಕ್ಕನದು. ಸಾಮಾನ್ಯವಾಗಿ ವ್ಯಾಖ್ಯಾನಕಾರರು ಎದುರಿಗೆ ಪುಸ್ತಕ ಇಟ್ಟುಕೊಂಡಿರುತ್ತಾರೆ. ಅಕ್ಕ ಇಟ್ಟುಕೊಳ್ಳುವುದಿಲ್ಲ. ಮನೆಯಲ್ಲಿ ತಯಾರಿಯನ್ನೂ ಮಾಡುವುದಿಲ್ಲ; ಮುಂದಿನ ವಾರ ಯಾವ ಭಾಗ ಎಂದು ಕೇಳುವುದೂ ಇಲ್ಲ. ಓದಿದ್ದು ಆ ಗಳಿಗೆಯಲ್ಲಿ ಕಿವಿಗೆ ಬಿದ್ದು, ಅಲ್ಲಿಂದಲೇ ಅರ್ಥ ಹುಟ್ಟಬೇಕು ಎಂಬುದು ಅವಳ ಪಟ್ಟು. ಪುಸ್ತಕ ನೋಡಿ ಹೇಳುವವರನ್ನು ಅವಳು ಲೆಕ್ಕಕ್ಕೇ ತೆಗೆದುಕೊಂಡವಳಲ್ಲ, ಅದನ್ನು ಅವರ ಎದುರಿಗೇ ಹೇಳಿದ್ದೂ ಉಂಟು.

ಪ್ರೊಸೆಸರು ಬಂದ ಸ್ವಲ್ಪ ದಿನಕ್ಕೆ ಅಕ್ಕ ನನ್ನ ಮೇಲೆ ಶುರುಮಾಡಿದಳು. ವೇದಿಕೆಯ ಮೇಲಿರುವವರಿಗೆ ಕೇಳಿಸಲೆಂದು ಅವರ ಕಡೆಗೆ ಮುಖಮಾಡಿ ನೆಲದ ಮೇಲೊಂದು ಸ್ಪೀಕರ್ ಇಟ್ಟಿರುತ್ತಾರೆ, ಅದಕ್ಕೆ ಮಾನಿಟರ್ ಎಂದು ಹೆಸರು. ರಾಜಿ ಪಕ್ಕದಲ್ಲೇ ಕೂತರೂ ಅವಳ ಮುಖ ಸಭೆಯ ಕಡೆಗಿರುವುದರಿಂದ ಅಕ್ಕ ಕೇಳುವುದು ಹೆಚ್ಚಾಗಿ ಈ ಮಾನಿಟರಿನಿಂದ. ಅದನ್ನು ಗಟ್ಟಿ ಮಾಡು ಎಂದಳು. ಮಾಡಿದೆ. ಇನ್ನೂ ಗಟ್ಟಿ ಎಂದಳು. ಅದನ್ನೂ ಮಾಡಿದೆ. ಮುಂದಿನ ಸಾಲಿನ ಹೆಂಗಸರು ಸೆರಗಿನಿಂದ ಕಿವಿ ಮುಚ್ಚಿಕೊಳ್ಳುವಷ್ಟಾದರೂ ಅಕ್ಕನ ಕೈ ಮೇಲಕ್ಕೆ ಎತ್ತು ಎಂದೇ ಸನ್ನೆ ಮಾಡುತ್ತಿತ್ತು. ಗುಂಡಿ ಒತ್ತದೆ ತಿರುಗಿಸುವ ನನ್ನ ಉಪಾಯವನ್ನು ಅವಳು ಮೊದಲ ಸಲಕ್ಕೇ ಹಿಡಿದಿದ್ದಳು, ಕಿವಿಯಿಂದಲ್ಲ, ನನ್ನ ಮುಖ ನೋಡಿ. ಏನು ಮಾಡಿದರೂ ಇದಕ್ಕೆ ಸಮಾಧಾನವಿಲ್ಲ ಎಂದು ನಾನು ಅಂದುಕೊಂಡೆ. ಕಿವಿಯ ಬಗ್ಗೆ ಯೋಚನೆ ನನಗೆ ಬರಲಿಲ್ಲ. ಆ ಮನೆಯಲ್ಲಿ ಬೆಳೆದವನಿಗೆ ಅದು ಬರುವಂಥ ಯೋಚನೆಯೂ ಅಲ್ಲ.

ಹೀಗಿರುವಾಗ ಒಂದು ಶನಿವಾರ ಯುದ್ಧದ ಭಾಗ ಓದುತ್ತಿದ್ದರು. ಕಾವ್ಯದ ವೀರ ರಣರಂಗದಲ್ಲಿ ತನ್ನ ಕುಲದ ಹಿರಿಯನ ಎದುರಿಗೆ ಬಂದು ನಿಂತಿದ್ದಾನೆ. ಅವನು ಶರವನೆತ್ತಿದನು ಎಂದು ರಾಜಿ ಓದಿದಳು. ಶರ ಎಂದರೆ ಬಾಣ. ಅಕ್ಕನ ಕಿವಿಗೆ ಬಿದ್ದದ್ದು ಕರವನೆತ್ತಿದನು. ಕರ ಎಂದರೆ ಕೈ. ಅಕ್ಕ ವ್ಯಾಖ್ಯಾನಕ್ಕೆ ತೊಡಗಿದಳು. ಯುದ್ಧಭೂಮಿಯಲ್ಲೂ ಹಿರಿಯರನ್ನು ಕಂಡ ಕೂಡಲೇ ಅವನ ಕೈ ಆಯುಧಕ್ಕೆ ಹೋಗಲಿಲ್ಲ, ನಮಸ್ಕಾರಕ್ಕೆ ಎದ್ದಿತು ಎಂದಳು. ಕೊಲ್ಲಲು ಬಂದವನ ಕೈ ಮೊದಲು ಮುಗಿಯುತ್ತದೆ ಎಂದಳು. ಹೇಳುತ್ತಾ ಹೇಳುತ್ತಾ ತಾನೇ ಕರಗಿದಳು. ಹಿಂದಿನ ಸಾಲಿನಲ್ಲಿ ಒಬ್ಬ ಯಜಮಾನರು ಪಂಚೆಯ ತುದಿಯಿಂದ ಕಣ್ಣೊರೆಸಿಕೊಂಡರು. ನಾನು ಪೆಟ್ಟಿಗೆಯ ಪಕ್ಕದಲ್ಲಿ ಪುಸ್ತಕ ಬಿಡಿಸಿಕೊಂಡು ಕೂತಿದ್ದೆ. ಪುಸ್ತಕದಲ್ಲಿ ಶರ ಎಂದಿತ್ತು.

ಮುಂದಿನ ಪದ್ಯದಲ್ಲಿ ಆ ಹಿರಿಯನ ರಥದ ಧ್ವಜ ತುಂಡಾಗಿ ನೆಲಕ್ಕೆ ಬಿದ್ದಿತು. ಬಾಣ ಬಿಟ್ಟಿದ್ದರೆ ಬೀಳಬೇಕಾದದ್ದೇ. ಆದರೆ ನಮ್ಮ ಮಂದಿರದಲ್ಲಿ ಅವನು ಬರೀ ನಮಸ್ಕಾರ ಮಾಡಿದ್ದ. ರಾಜಿ ಪದ್ಯ ಮುಗಿಸಿದಳು. ಅಕ್ಕ ಬಾಯಿ ತೆರೆದವಳು ಹಾಗೇ ನಿಂತಳು. ಅವಳಿಗೆ ಆಗ ಗೊತ್ತಾಯಿತೆಂಬುದು ನನಗೆ ಗೊತ್ತಾಯಿತು. ಆಮೇಲೆ ಅವಳು ತಡವರಿಸದೆ, ಅಂಥ ನಮಸ್ಕಾರಕ್ಕೆ ಹಿರಿಯನ ಧ್ವಜವೇ ತಲೆಬಾಗಿ ನೆಲಕ್ಕಿಳಿಯಿತು ಎಂದುಬಿಟ್ಟಳು. ಸಭೆ ಚಪ್ಪಾಳೆ ತಟ್ಟಿತು. ಗಮಕಕ್ಕೆ ನಮ್ಮಲ್ಲಿ ಚಪ್ಪಾಳೆ ತಟ್ಟುವ ಅಭ್ಯಾಸವಿಲ್ಲ.

ಅಕ್ಕನ ಮುಖ ಮಾತ್ರ ನಾನು ನೋಡಬಾರದಾಗಿತ್ತು. ಅಷ್ಟು ಜನ ಮೆಚ್ಚುತ್ತಿರುವಾಗ ಅವಳು ನೆಲ ನೋಡುತ್ತಾ ಶಾಲನ್ನು ಸರಿಮಾಡಿಕೊಳ್ಳುತ್ತಿದ್ದಳು. ಪುಸ್ತಕ ಇಲ್ಲದೆ ಕಿವಿಯಿಂದಲೇ ವ್ಯಾಖ್ಯಾನ ಮಾಡುವವಳಿಗೆ ಕಿವಿ ಕೈಕೊಟ್ಟರೆ ಉಳಿಯುವುದೇನು? ನಮ್ಮೂರಿನದೇ ವಿಜಯನಗರ ಬಡಾವಣೆಯ ಒಬ್ಬ ಅಧ್ಯಾಪಕರು ತಮಗೂ ಶನಿವಾರ ಕೊಡಿ ಎಂದು ಮಹದೇವಪ್ಪನವರ ಹತ್ತಿರ ಹಿಂದೆಯೇ ಹೇಳಿಟ್ಟಿದ್ದರು. ಅಕ್ಕನ ವಿಷಯ ಹೊರಬಿದ್ದರೆ ಶನಿವಾರ ಅವರಿಗೆ ಹೋಗುತ್ತದೆ. ಅಕ್ಕನಿಗೆ ಶನಿವಾರ ಬಿಟ್ಟು ಉಳಿದ ದಿನಗಳೆಲ್ಲ ಶನಿವಾರಕ್ಕೆ ಕಾಯುವ ದಿನಗಳೇ ಎಂಬುದು ನಮ್ಮ ಮನೆಯಲ್ಲಿ ಎಲ್ಲರಿಗೂ ಗೊತ್ತು.

ರಾಜಿಗೂ ತಪ್ಪು ತಿಳಿದಿತ್ತು. ಅವಳು ಜನ ಕರಗುವವರೆಗೆ ಕಾದು ನನ್ನ ಹತ್ತಿರ ಬಂದು, ತನ್ನ ಉಚ್ಚಾರಣೆಯಲ್ಲೇ ಏನಾದರೂ ದೋಷವಿತ್ತೇ ಎಂದು ಮೆಲ್ಲಗೆ ಕೇಳಿದಳು. ಇಲ್ಲವೆಂದು ಇಬ್ಬರಿಗೂ ಗೊತ್ತಿತ್ತು. ಕಿವಿ ತೋರಿಸೋಣ ಎಂದು ಹೇಳುವ ಧೈರ್ಯ ನಮಗಿರಲಿಲ್ಲ. ಕಿವಿಯ ಪರೀಕ್ಷೆಗೆ ಬೇರೆ ಬೇರೆ ಊರುಗಳಿಂದ ಜನ ಹುಡುಕಿಕೊಂಡು ಬರುವ ಮೈಸೂರಿನಲ್ಲೇ ಇದ್ದುಕೊಂಡು ನಾವಿಬ್ಬರು ಮಾಡಿದ ಉಪಾಯ ಬೇರೆ. ಮೈಕ್ ಪರೀಕ್ಷೆ ಮಾಡಬೇಕಾಗಿದೆ, ಸ್ವಲ್ಪ ಬಾ ಎಂದು ವಾರದ ನಡುವೆ ಒಂದು ಮಧ್ಯಾಹ್ನ ಅಕ್ಕನನ್ನು ಖಾಲಿ ಮಂದಿರಕ್ಕೆ ಕರೆದೆವು.

ಅಕ್ಕ ತನ್ನ ಜಾಗದಲ್ಲಿ ಕೂತಳು. ರಾಜಿ ಎಂದಿನಂತೆ ಸಭೆಯ ಕಡೆಗೆ ಮುಖ ಮಾಡಿ ಮೈಕಿನಲ್ಲಿ ಒಂದೊಂದೇ ಪದ ಹೇಳುವುದು, ಅಕ್ಕ ಅದನ್ನು ತಿರುಗಿ ಹೇಳುವುದು, ನಾನು ಪೆಟ್ಟಿಗೆ ನೋಡಿಕೊಳ್ಳುವುದು. ರಾಜಿ ಸರ ಎಂದಳು. ಅಕ್ಕ ಕರ ಎಂದಳು. ರಾಜಿ ತರ ಎಂದಳು. ಅಕ್ಕ ಮತ್ತೆ ಕರ ಎಂದಳು. ರಾಜಿಯ ಧ್ವನಿ ಸಣ್ಣಗಾಯಿತು, ಆದರೂ ಶರ ಎಂದಳು. ಅಕ್ಕ ಅದನ್ನು ತಿರುಗಿ ಹೇಳದೆ ನನ್ನ ಕಡೆಗೆ ನೋಡಿದಳು.

"ಸೀನ, ನೀನು ಮೈಕ್ ಪರೀಕ್ಷೆ ಮಾಡ್ತಿದೀಯೋ, ನನ್ನ ಕಿವಿ ಪರೀಕ್ಷೆ ಮಾಡ್ತಿದೀಯೋ?" ಎಂದು ಕೇಳಿದಳು.

"ನಿನ್ನ ಕಿವೀನೇ ಅಕ್ಕ."

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸುತ್ತಾ, "ಮಾತು ಕೇಳ್ಸುತ್ತೆ ಕಣೋ. ಅಕ್ಷರ ಕೇಳ್ಸಲ್ಲ," ಎಂದಳು. ಅದನ್ನು ಹಾಕಿಕೊಂಡು, "ನಾನು ಕೇಳಿದ್ದು ಗಟ್ಟಿ ಮಾಡು ಅಂತ. ನೀನು ಬರೀ ಜೋರು ಮಾಡ್ಬುಟ್ಟೆ," ಎಂದಳು.

ಗಟ್ಟಿ ಎಂಬ ಮಾತು ನಮ್ಮಲ್ಲಿ ಎರಡಕ್ಕೂ ನಡೆಯುತ್ತದೆ. ಗಟ್ಟಿಯಾಗಿ ಓದು ಎಂದರೆ ಜೋರಾಗಿ ಓದು. ಮೊಸರು ಗಟ್ಟಿ, ಗೋಡೆ ಗಟ್ಟಿ, ಮುದುಕಿ ಗಟ್ಟಿ ಎನ್ನುವಾಗ ಜೋರಿನ ಮಾತೇ ಇಲ್ಲ. ಅಕ್ಕ ಕೇಳಿದ್ದು ಈ ಎರಡನೆಯದನ್ನು, ಅಕ್ಷರಗಳಿಗೆ ಅಂಚು ಬರಲಿ, ಕೈಗೆ ಸಿಗುವ ಹಾಗಿರಲಿ ಎಂದು. ಜೋರು ಮಾಡಿದಷ್ಟೂ ಕೆಳಗಿನ ಗುಂಯ್ ಹೆಚ್ಚಾಗಿ, ಅವಳಿಗೆ ಉಳಿದಿದ್ದ ಒಂದಿಷ್ಟು ಅಕ್ಷರಗಳನ್ನೂ ನಾನು ಮುಚ್ಚಿಹಾಕುತ್ತಿದ್ದೆ. ಇಷ್ಟು ದಿನ ನನ್ನನ್ನು ಅವಳು ಬೈದಿದ್ದರಲ್ಲಿ ನ್ಯಾಯವಿತ್ತು.

ಕನ್ನಡಕ ತೆಗೆದು ಪೆಟ್ಟಿಗೆಗೆ ಮೂಗು ತಾಗಿಸಿದೆ. ಮಾನಿಟರಿನ ಗುಂಡಿ ಒತ್ತಿದೆ. ಮೊದಲ ಫಿಲ್ಟರಿನಿಂದ ಅಡಿಯ ಭಾರವನ್ನು ಇಳಿಸಿದೆ. ಎರಡನೆಯದರಿಂದ ಡಬ್ಬದ ಸದ್ದು ಇರುವ ಜಾಗವನ್ನು ಹುಡುಕಿ ತಗ್ಗಿಸಿದೆ. ರಾಜಿ ಸರ, ಶರ, ತರ, ಕರ ಎಂದು ಹೇಳುತ್ತಲೇ ಇದ್ದಳು. ಪಾಪ, ಅವಳ ಗಂಟಲು ಒಣಗಿತ್ತು. ಮೇಲಿನ ಭಾಗಕ್ಕೆ ಬಂದು ಸ್ವಲ್ಪ ಏರಿಸಿ, ಜಾಗವನ್ನು ಆಚೀಚೆ ಸರಿಸುತ್ತಾ ಹೋದೆ.

"ಶರ," ಎಂದಳು ಅಕ್ಕ.

ರಾಜಿ ತಿರುಗಿ ನೋಡಿದಳು. ಅವಳು ಹೇಳಿದ್ದೂ ಶರವೇ. ಅಕ್ಕ ಇನ್ನೊಮ್ಮೆ ಹೇಳಿಸಿದಳು, ಸರ ಹೇಳಿಸಿದಳು, ತರ ಹೇಳಿಸಿದಳು. ಕೆಲವು ತಪ್ಪಿದವು, ಹೆಚ್ಚಿನವು ಸರಿಯಾದವು. ಆಮೇಲೆ ಆ ಶನಿವಾರದ ಪದ್ಯವನ್ನು ಪೂರ್ತಿ ಓದಲು ಹೇಳಿ, ಕಣ್ಣು ಮುಚ್ಚಿ ಕೇಳಿದಳು. ಪದ್ಯ ಮುಗಿದ ಮೇಲೆ, ಛೆ, ನೇರವಾಗಿ ಬಾಣ ಹೂಡಿದವನ ಕೈಲಿ ನಾನು ನಮಸ್ಕಾರ ಮಾಡಿಸಿಬಿಟ್ಟೆನಲ್ಲೇ ಎಂದು ರಾಜಿಯ ಕಡೆಗೆ ತಿರುಗಿದಳು. ರಾಜಿಗೆ ನಗು ತಡೆಯಲಾಗಲಿಲ್ಲ. ನನಗೂ ಆಗಲಿಲ್ಲ. ಧ್ವಜ ತಲೆಬಾಗಿದ್ದನ್ನು ನಾನು ನೆನಪಿಸಿದೆ. ಆಗ ಅಕ್ಕನೂ ನಕ್ಕಳು, ನಕ್ಕು ಮುಗಿಸಿ ಕಣ್ಣೊರೆಸಿಕೊಂಡಳು. ಆ ಒರೆಸಿಕೊಂಡದ್ದರಲ್ಲಿ ಎಷ್ಟು ಪಾಲು ನಗುವಿನದು ಎಂದು ನಾನು ವಿಚಾರಿಸಲಿಲ್ಲ.

ಬರುವ ಶನಿವಾರ ಇದನ್ನು ಸಭೆಗೆ ಹೇಳುತ್ತೇನೆ ಎಂದು ಅವಳು ಅಲ್ಲೇ ಹೇಳಿದಳು. ನಾನು ಬೇಡವೆಂದೆ. ಯಾರಿಗೂ ಗೊತ್ತಾಗಿಲ್ಲ, ಗೊತ್ತಾಗದವರಿಗೆ ಅದು ಹಿಡಿಸಿಯೂ ಇದೆ; ಹೇಳಿದರೆ ಶನಿವಾರ ವಿಜಯನಗರದ ಪಾಲಾಗುತ್ತದೆ ಎಂದು ಬಿಡಿಸಿ ಹೇಳಿದೆ. ಅದೆಲ್ಲ ಅವಳೂ ಯೋಚಿಸಿದ್ದಳೆಂದು ಕಾಣುತ್ತದೆ. ಕಾವ್ಯದಲ್ಲಿ ಬಾಣ ಇದ್ದರೆ ಬಾಣ ಎಂದೇ ಹೇಳಬೇಕು, ಶನಿವಾರ ಹೋದರೆ ಹೋಗಲಿ ಎಂದಳು. ಹೋಗಲಿ ಎನ್ನುವಾಗ ಅವಳ ಧ್ವನಿ ಅಷ್ಟೇನೂ ಗಟ್ಟಿಯಾಗಿರಲಿಲ್ಲ. ಯಾವ ಅರ್ಥದಲ್ಲೂ.

ಶನಿವಾರ ನಾನು ಬೇಗ ಹೋಗಿ ಪೆಟ್ಟಿಗೆಯ ಮುಂದೆ ಕೂತೆ. ಯಾರೂ ತಿರುಗಣೆ ಮುಟ್ಟದ ಹಾಗೆ ಪಕ್ಕದಲ್ಲಿ ಛತ್ರಿ ಅಡ್ಡ ಇಟ್ಟೆ. ಜನ ಎಂದಿಗಿಂತ ಹೆಚ್ಚಾಗಿದ್ದರು. ನಮಸ್ಕಾರದ ಸುದ್ದಿ ಹಬ್ಬಿತ್ತು. ರಾಜಿ ಶುರುಮಾಡುವ ಮೊದಲೇ ಅಕ್ಕ ಮೈಕ್ ಎಳೆದುಕೊಂಡು, ಹೋದ ವಾರ ತಾನು ಹೇಳಿದ್ದು ತಪ್ಪು, ಕವಿ ಬರೆದದ್ದು ಶರ, ತನಗೆ ಕರ ಎಂದು ಕೇಳಿಸಿತು ಎಂದಳು. ಅಲ್ಲಿಗೆ ನಿಲ್ಲಿಸಬಹುದಾಗಿತ್ತು. ನಿಲ್ಲಿಸದೆ, ಕೆಲವು ಅಕ್ಷರಗಳು ಈಗ ತನ್ನ ಕಿವಿಗೆ ಬೀಳುವುದಿಲ್ಲ, ಇದು ತಮ್ಮ ಗಮನದಲ್ಲಿರಲಿ ಎಂದು, ಮೇಷ್ಟ್ರು ನಾಳೆ ರಜೆ ಎಂದು ಹೇಳುವಷ್ಟೇ ನಿರಾಳವಾಗಿ ಹೇಳಿ ಮುಗಿಸಿದಳು. ಹೋದ ವಾರ ಕಣ್ಣೊರೆಸಿಕೊಂಡಿದ್ದ ಯಜಮಾನರು ಹಿಂದಿನಿಂದ, ಏನೇ ಆಗಲಿ, ನಮಸ್ಕಾರವೇ ಚೆನ್ನಾಗಿತ್ತು ತಾಯಿ ಎಂದರು. ಮಹದೇವಪ್ಪನವರು ಎದ್ದು ಬಂದು ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತರು. ಅದು ಯಾವ ಬಗೆಯ ನಿಲುವೆಂದು ನನಗೆ ತಿಳಿಯಲಿಲ್ಲ.

ಓದು ಶುರುವಾಯಿತು. ಅರ್ಧ ಗಂಟೆ ಎಲ್ಲವೂ ಹದವಾಗಿ ನಡೆಯಿತು. ಅಕ್ಕ ಒಂದೊಂದು ಪದವನ್ನೂ ಹಿಡಿದು, ಬಿಡಿಸಿ, ಎಂದಿನ ಠೀವಿಯಲ್ಲಿ ಅರ್ಥ ಹೇಳಿದಳು. ನನಗೆ ಸ್ವಲ್ಪ ಜಂಬವೂ ಬಂದಿತ್ತು. ಅಷ್ಟರಲ್ಲಿ ರಾಜಿ ಕಾಲು ಜೋಮು ಹಿಡಿಯಿತೆಂದು ಮಗ್ಗುಲು ಬದಲಿಸಿ, ಮೈಕನ್ನೂ ತನ್ನ ಜೊತೆಗೇ ಮಾನಿಟರಿನ ಹತ್ತಿರಕ್ಕೆ ಎಳೆದುಕೊಂಡಳು. ನಾನು ಏರಿಸಿದ್ದ ಜಾಗದಲ್ಲೇ ಕೂಗು ಹುಟ್ಟಿತು. ಸ್ಪೀಕರಿನಿಂದ ಹೊರಟದ್ದು ಮೈಕಿಗೆ ಹೊಕ್ಕು, ಮೈಕಿನಿಂದ ಮತ್ತೆ ಸ್ಪೀಕರಿಗೆ ಬಂದು, ಕುಂಯ್ ಎಂದು ಮಂದಿರವನ್ನೆಲ್ಲ ಸೀಳಿತು. ಓದು ನಡೆದಿರುವಾಗ ಮೈಕ್ ಸರಿಸು ಎಂದು ಹೇಳಲಾಗುವುದಿಲ್ಲ. ನಾನು ಗಡಬಡಿಸಿ ಆ ಫಿಲ್ಟರನ್ನು ಪೂರ್ತಿ ಇಳಿಸಿಬಿಟ್ಟೆ. ಕೂಗು ನಿಂತಿತು. ಅದರ ಜೊತೆಗೆ ಅಕ್ಕನ ಅಕ್ಷರಗಳೂ ಹೋದವು.

ರಾಜಿ ಪದ್ಯ ಮುಗಿಸಿದಳು. ಅಕ್ಕನ ಕಣ್ಣು ಸಭೆಯನ್ನು ದಾಟಿ ನನ್ನ ಕಡೆಗೆ ಬಂತು. ನಾನು ತಿರುಗಣೆ ಹಿಡಿದುಕೊಂಡು ಇಲ್ಲ ಎಂದು ತಲೆಯಾಡಿಸಿದೆ. ಏರಿಸಿದರೆ ಮತ್ತೆ ಕೂಗುತ್ತದೆ. ಸಭೆ ಕಾಯುತ್ತಿತ್ತು. ನನ್ನ ಬದುಕಿನಲ್ಲಿ ಅಕ್ಕ ಯಾರನ್ನಾದರೂ, ಇನ್ನೊಮ್ಮೆ ಹೇಳು, ಕೇಳಿಸಲಿಲ್ಲ ಎಂದದ್ದನ್ನು ನಾನು ಕಂಡವನಲ್ಲ. ನನಗೆ ನಿಜವಾಗಿ ಹೆದರಿಕೆಯಾಯಿತು.

ಅಕ್ಕ ರಾಜಿಯ ಕಡೆಗೆ ವಾಲಿ, ಮೈಕಿನಲ್ಲೇ, ಎಲ್ಲರಿಗೂ ಕೇಳುವ ಹಾಗೆ, "ಏನಂದೆ ರಾಜಿ? ಗಿರಿನೋ, ಸಿರಿನೋ?" ಎಂದಳು.

ರಾಜಿ ಬಾಯಿ ತೆರೆಯುವಷ್ಟರಲ್ಲಿ ಮುಂದಿನ ಸಾಲಿನ ಹೆಂಗಸರು ಒಟ್ಟಿಗೆ ಸಿರಿ ಎಂದರು. ಅವರ ಹಿಂದಿನ ಸಾಲಿನವರು, ಮುಂದಿನವರದು ಕೇಳಿಸಿರಲಾರದೆಂದು ತಾವೂ ಸಿರಿ ಎಂದರು. ನನ್ನ ಪಕ್ಕದಲ್ಲಿ ಕೈಕಟ್ಟಿ ನಿಂತಿದ್ದ ಮಹದೇವಪ್ಪನವರು ಕೈ ಬಿಚ್ಚಿ, ಬಾಯಿಗೆ ಅಡ್ಡ ಹಿಡಿದು, ಸಂತೇಪೇಟೆಗೆಲ್ಲ ಕೇಳುವಂತೆ, "ಸಿರಿ ಅಂದ್ರು ತಾಯಿ, ಸಿರಿ," ಎಂದು ಕೂಗಿದರು.

ಅಕ್ಕ ತಲೆಯೆತ್ತಿ ಸಭೆಯನ್ನು ಈ ತುದಿಯಿಂದ ಆ ತುದಿಯವರೆಗೆ ನೋಡಿದಳು.

"ಕೇಳಿಸ್ತು ಕಣ್ರಪ್ಪ," ಎಂದಳು. "ನಾನೇನು ಕಿವುಡೀನೇ, ಹಿಂಗೆ ಕಿರುಚೋದಕ್ಕೆ?"